ದೇಹವೇ ಪ್ರಮಾಣವಾಗಿದ್ದ ಕಾಲ

1895ನೆಯ ಇಸವಿಯ ಕೊನೆಯ ಮೂರು ತಿಂಗಳಲ್ಲಿ ಮೂರು ಜನನಗಳಾದವು. ಅಕ್ಟೋಬರ್ 4ರಂದು ಅಮೆರಿಕದ ಕ್ಯಾನ್ಸಸ್ ಸೀಮೆಯ ಪಿಕ್ವಾ ಎಂಬ ಸಣ್ಣ ಊರಿನಲ್ಲಿ, ಊರೂರು ತಿರುಗಿ ಆಟವಾಡುತ್ತಿದ್ದ ರಂಗಭೂಮಿಯ ದಂಪತಿಗೆ ಒಂದು ಗಂಡುಮಗು ಹುಟ್ಟಿತು. ನವೆಂಬರ್ 29ರಂದು ವಾಷಿಂಗ್ಟನ್ ಸೀಮೆಯ ಕೋಲ್‌ಫ್ಯಾಕ್ಸ್ ಬಳಿ, ದನ ಕುದುರೆಗಳ ನಡುವೆ ಬದುಕುತ್ತಿದ್ದ ಮನೆಯಲ್ಲಿ ಇನ್ನೊಂದು ಗಂಡುಮಗು. ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂ ಕೆಫೆಯ ನೆಲಮಾಳಿಗೆಯಲ್ಲಿ ಲ್ಯುಮಿಯೇರ್ ಸೋದರರು ಹಣ ಕೊಟ್ಟು ಬಂದ ಜನರಿಗೆ ಚಲಿಸುವ ಚಿತ್ರಗಳನ್ನು ತೋರಿಸಿದರು. ಅದು ಸಿನಿಮಾದ ಜನನ. ಮೊದಲ ಮಗುವನ್ನು ಲೋಕ ಬಸ್ಟರ್ ಕೀಟನ್ ಎಂದು ಕರೆಯಿತು. ಎರಡನೆಯ ಮಗುವಿಗೆ ಯಾಕಿಮಾ ಕೆನಟ್ ಎಂಬ ಹೆಸರು ನಿಂತಿತು. ಅವನ ಮುಖ ಮಾತ್ರ ಲೋಕದ ಗುರುತಿಗೆ ಬರಲಿಲ್ಲ.

ಸಾಹಸ ಚಿತ್ರಗಳ ಮೊದಲ ಎಂಬತ್ತು ವರ್ಷಗಳ ಕಥೆಯನ್ನು ಈ ಇಬ್ಬರಿಂದ ಶುರು ಮಾಡುವುದೇ ನ್ಯಾಯ. ಆ ಕಾಲದಲ್ಲಿ ಪರದೆಯ ಮೇಲೆ ಒಬ್ಬ ಮನುಷ್ಯ ಓಡುವ ರೈಲಿನಿಂದ ಬಿದ್ದನೆಂದರೆ, ಭೂಮಿಯ ಮೇಲೆ ಎಲ್ಲೋ ಒಂದು ಕಡೆ, ಒಂದು ದಿನ, ಒಬ್ಬ ಮನುಷ್ಯ ನಿಜವಾಗಿ ಬಿದ್ದಿದ್ದ. ಬಿದ್ದವನು ನಾಯಕನೋ ಅವನ ಡ್ಯೂಪೋ, ಬೀಳುವ ಜಾಗದಲ್ಲಿ ಹುಲ್ಲು ಹಾಸಿತ್ತೋ ಇಲ್ಲವೋ, ಬಿದ್ದದ್ದಂತೂ ದಿಟ. ಗಣಕಯಂತ್ರಗಳು ಬಂದು ಕುದುರೆ, ಬೆಂಕಿ, ಸೈನ್ಯಗಳನ್ನು ಕೋಣೆಯೊಳಗೇ ಸೃಷ್ಟಿಸತೊಡಗಿದ ಮೇಲೆ ಆ ಪ್ರಮಾಣ ಕೈತಪ್ಪಿತು. ಹೊಸದನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಹಳೆಯ ಚಿತ್ರಗಳನ್ನು ಏಕೆ ನೋಡಬೇಕು ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದು.

ಕೀಟನ್ ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಬೀಳಲು ಕಲಿತ. ತಂದೆ ತಾಯಿಯರ ಆಟದಲ್ಲಿ ಆ ಹುಡುಗನನ್ನು ರಂಗದ ಈ ತುದಿಯಿಂದ ಆ ತುದಿಗೆ ಎಸೆಯುವುದೇ ಒಂದು ಅಂಗ. ಹಿಡಿದು ಎಸೆಯಲು ಅನುಕೂಲವಾಗಲೆಂದು ಅವನ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಹಿಡಿಕೆ ಹೊಲಿದಿದ್ದರು. ಬಿದ್ದಾಗ ನಕ್ಕರೆ ಜನ ನಗುವುದಿಲ್ಲ, ಗಂಭೀರವಾಗಿದ್ದರೆ ನಗುತ್ತಾರೆ ಎಂಬ ಗುಟ್ಟು ಅವನಿಗೆ ಅಲ್ಲಿಯೇ ತಿಳಿಯಿತು. ಮುಂದೆ ಜೀವಮಾನವಿಡೀ ಪರದೆಯ ಮೇಲೆ ಆ ಮುಖ ಕಲ್ಲಾಗಿಯೇ ಉಳಿಯಿತು. 1924ರ ‘ಷರ್ಲಾಕ್ ಜೂನಿಯರ್’ ಚಿತ್ರದಲ್ಲಿ ರೈಲಿಗೆ ನೀರು ತುಂಬುವ ತೊಟ್ಟಿಯ ಕೊಳವೆಗೆ ಜೋತುಬಿದ್ದಾಗ, ಸುರಿದ ನೀರಿನ ರಭಸಕ್ಕೆ ಅವನು ಹಳಿಯ ಮೇಲೆ ಅಪ್ಪಳಿಸಿದ. ತಲೆನೋವೆಂದುಕೊಂಡು ಕೆಲಸ ಮುಂದುವರಿಸಿದ. ಕತ್ತಿನ ಮೂಳೆ ಅಂದು ಬಿರುಕು ಬಿಟ್ಟಿತ್ತೆಂಬುದು ಅವನಿಗೆ ಗೊತ್ತಾದದ್ದು ವರ್ಷಗಳ ನಂತರ, ವೈದ್ಯರು ಎಕ್ಸರೆ ನೋಡಿ ಹೇಳಿದಾಗ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಬಿರುಗಾಳಿಗೆ ಎರಡು ಅಂತಸ್ತಿನ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ಮೇಲಂತಸ್ತಿನ ಕಿಟಕಿ ತೆರೆದಿರುವುದರಿಂದ ಅವನು ಆ ಕಂಡಿಯಲ್ಲಿ ಉಳಿದುಕೊಳ್ಳುತ್ತಾನೆ. ಗೋಡೆ ನಿಜವಾದ ಭಾರದ್ದು, ಕಂಡಿಯ ಅಂಚಿಗೂ ಅವನ ಭುಜಕ್ಕೂ ನಡುವೆ ಇದ್ದದ್ದು ಕೆಲವೇ ಅಂಗುಲ. ಮೊಳೆ ಹೊಡೆದು ಗುರುತು ಮಾಡಿದ ಜಾಗದಿಂದ ಒಂದು ಹೆಜ್ಜೆ ತಪ್ಪಿದ್ದರೆ ಆ ದಿನವೇ ಅವನ ಚರಿತ್ರೆ ಮುಗಿಯುತ್ತಿತ್ತು.

ಆದರೆ ಅವನ ಮಹಾಕೃತಿ 1926ರ ‘ದ ಜನರಲ್’. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಉತ್ತರದ ಗೂಢಚಾರರು ದಕ್ಷಿಣದವರ ರೈಲ್ವೆ ಎಂಜಿನ್ನೊಂದನ್ನು ಕದ್ದೊಯ್ದ ನಿಜ ಘಟನೆಯೇ ಕಥೆಯ ಮೂಲ. ಚಿತ್ರದಲ್ಲಿ ಜಾನಿ ಗ್ರೇ ಎಂಬ ಎಂಜಿನ್ ಚಾಲಕ ತನ್ನ ಎಂಜಿನ್ನನ್ನು ಬೆನ್ನಟ್ಟಿ ಶತ್ರುಸೀಮೆಗೆ ಹೋಗುತ್ತಾನೆ. ಮರಳುವಾಗ ಅದೇ ಹಳಿಯ ಮೇಲೆ ಶತ್ರುಗಳು ಅವನನ್ನು ಬೆನ್ನಟ್ಟುತ್ತಾರೆ. ಹೋಗುವಾಗ ಕಂಡ ತಿರುವು, ಸೇತುವೆ, ನೀರಿನ ತೊಟ್ಟಿಗಳೆಲ್ಲ ಬರುವಾಗ ಬೇರೊಂದು ಅರ್ಥ ಹೊತ್ತು ಎದುರಾಗುತ್ತವೆ. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಕಥಾಬಂಧವನ್ನು ನಂತರ ಬಂದ ಕೋಟಿಗಟ್ಟಲೆ ಖರ್ಚಿನ ಚಿತ್ರಗಳಲ್ಲಿ ನಾನು ಅಪರೂಪವಾಗಿ ಕಂಡಿದ್ದೇನೆ. ಮುರಿದ ಮನಸ್ಸಿನಿಂದ ಜಾನಿ ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಉಕ್ಕಿನ ದಂಡದ ಮೇಲೆ ಕುಳಿತಿರುತ್ತಾನೆ. ಎಂಜಿನ್ ಮೆಲ್ಲನೆ ಹೊರಡುತ್ತದೆ. ದಂಡದ ಜೊತೆಗೆ ಅವನೂ ಏರಿ ಇಳಿಯುತ್ತಾನೆ. ನೋಡುವವರಿಗೆ ಅದು ಕವಿತೆ. ಚಕ್ರ ಒಮ್ಮೆ ಜಾರಿ ಗಿರ್ರನೆ ತಿರುಗಿದ್ದರೆ ಕುಳಿತವನ ಪ್ರಾಣ ಹೋಗುತ್ತಿತ್ತು.

ಚಿತ್ರೀಕರಣ ನಡೆದದ್ದು ಆರೆಗನ್ ಸೀಮೆಯ ಕಾಟೇಜ್ ಗ್ರೋವ್ ಸುತ್ತಮುತ್ತ. 1926ರ ಜುಲೈ 23ರಂದು, ಸಾವಿರಾರು ಜನ ದಡದಲ್ಲಿ ನಿಂತು ನೋಡುತ್ತಿರಲು, ಉರಿಯುತ್ತಿದ್ದ ಮರದ ಸೇತುವೆಯ ಮೇಲೆ ನಿಜವಾದ ಉಗಿಬಂಡಿಯನ್ನು ಹಾಯಿಸಿದರು. ಸೇತುವೆ ಕುಸಿಯಿತು, ಎಂಜಿನ್ ರೋ ನದಿಗೆ ಉರುಳಿತು. ಎರಡನೆಯ ಬಾರಿ ತೆಗೆಯುವ ಮಾತೇ ಇರಲಿಲ್ಲ. ಮೂಕಿ ಚಿತ್ರಗಳ ಕಾಲದ ಅತ್ಯಂತ ದುಬಾರಿ ಶಾಟ್ ಅದೆಂದು ಚರಿತ್ರಕಾರರು ಬರೆದಿದ್ದಾರೆ. ಆ ಉಕ್ಕಿನ ದೇಹ ನದಿಯಲ್ಲಿಯೇ ವರ್ಷಗಟ್ಟಲೆ ಬಿದ್ದಿತ್ತು. ಎರಡನೆಯ ಮಹಾಯುದ್ಧ ಬಂದಾಗ ಗುಜರಿ ಕಬ್ಬಿಣಕ್ಕೆಂದು ಎತ್ತಿದರು. ಇಷ್ಟೆಲ್ಲ ಆಗಿಯೂ ಚಿತ್ರಕ್ಕೆ ಹಣ ಬರಲಿಲ್ಲ, ವಿಮರ್ಶಕರೂ ಒಲಿಯಲಿಲ್ಲ. ಕೀಟನ್ ತನ್ನ ಸ್ವಾತಂತ್ರ್ಯ ಕಳೆದುಕೊಂಡು 1928ರಲ್ಲಿ ಎಂಜಿಎಂ ಸ್ಟುಡಿಯೋದ ನೌಕರನಾದ. ಚಿತ್ರದ ಒಂದು ಕೊರತೆಯನ್ನೂ ಹೇಳಲೇಬೇಕು: ದಕ್ಷಿಣದವರ ಪಕ್ಷ ಹಿಡಿದ ಈ ಕಥೆಯಲ್ಲಿ, ಆ ಯುದ್ಧದ ಬೇರಿನಲ್ಲಿದ್ದ ಗುಲಾಮಗಿರಿಯ ಸೊಲ್ಲೇ ಇಲ್ಲ.

ಇತ್ತ ಮುಂಬಯಿಯಲ್ಲಿ, 1935ರ ಹೊತ್ತಿಗೆ, ಮಾತಿನ ಚಿತ್ರಗಳು ಬಂದು ನಾಲ್ಕು ವರ್ಷ ಕಳೆದಿದ್ದವು. ಜೆ.ಬಿ.ಎಚ್. ವಾಡಿಯಾ ಮತ್ತು ಹೋಮಿ ವಾಡಿಯಾ ಸೋದರರು 1933ರಲ್ಲಿ ಕಟ್ಟಿದ ವಾಡಿಯಾ ಮೂವಿಟೋನ್ ಸಂಸ್ಥೆಗೆ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1908ರಲ್ಲಿ ಹುಟ್ಟಿ ಚಿಕ್ಕಂದಿನಲ್ಲಿಯೇ ಭಾರತಕ್ಕೆ ಬಂದಿದ್ದ ಮೇರಿ ಆ್ಯನ್ ಇವಾನ್ಸ್ ಎಂಬ ಹೆಣ್ಣುಮಗಳು ಸೇರಿದಳು. ವಾಯವ್ಯ ಗಡಿನಾಡಿನಲ್ಲಿ ಬೆಳೆದು ಕುದುರೆ ಸವಾರಿ ಕಲಿತವಳು, ಸರ್ಕಸ್ಸಿನಲ್ಲಿ ದುಡಿದವಳು. 1935ರ ‘ಹಂಟರ್‌ವಾಲಿ’ಯಲ್ಲಿ ಅವಳು ಮುಖವಾಡ ತೊಟ್ಟು, ಚಾವಟಿ ಹಿಡಿದು, ದುಷ್ಟ ಮಂತ್ರಿಯ ಕೈಯಿಂದ ರಾಜ್ಯವನ್ನು ಬಿಡಿಸುವ ರಾಜಕುಮಾರಿಯಾಗಿ ಬಂದಳು. ಹೆಸರು ನಾದಿಯಾ, ಜನರ ಬಾಯಲ್ಲಿ ‘ಫಿಯರ್‌ಲೆಸ್ ನಾದಿಯಾ’. ಮರುವರ್ಷದ ‘ಮಿಸ್ ಫ್ರಾಂಟಿಯರ್ ಮೇಲ್’ನಲ್ಲಿ ಓಡುವ ರೈಲಿನ ಮಾಡಿನ ಮೇಲೆ ಗಂಡಸರ ಜೊತೆ ಹೊಡೆದಾಡಿದಳು. ಅವಳಿಗೆ ಡ್ಯೂಪ್ ಇರಲಿಲ್ಲ. ಆಳುಗಳನ್ನು ಹೆಗಲ ಮೇಲೆತ್ತಿ ಎಸೆದದ್ದು ಅವಳದೇ ತೋಳು. ನಮ್ಮ ಸಿನಿಮಾ ನಾಯಕಿಯರು ಕಾಪಾಡಿರೆಂದು ಕೂಗುತ್ತಲೇ ದಶಕಗಳನ್ನು ಕಳೆಯುವ ಮುಂಚೆ, ಈ ದೇಶದ ಪರದೆಯ ಮೇಲೆ ಕಾಪಾಡುವವಳೇ ಹೆಣ್ಣಾಗಿದ್ದ ಒಂದು ಕಾಲವಿತ್ತು. ಆ ದಾರಿ ಮುಂದುವರಿಯದೇ ಹೋದದ್ದು ಭಾರತೀಯ ಚಿತ್ರರಂಗಕ್ಕಾದ ದೊಡ್ಡ ನಷ್ಟವೆಂದೇ ನನ್ನ ನಂಬಿಕೆ. ನಾದಿಯಾ 1996ರ ಜನವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಳು.

ಈಗ ಯಾಕಿಮಾ ಕೆನಟ್. ಅವನ ಅಪ್ಪ ಅಮ್ಮ ಇಟ್ಟ ಹೆಸರು ಈನೋಸ್ ಎಡ್ವರ್ಡ್. ಪಳಗದ ಕುದುರೆಗಳ ಬೆನ್ನೇರಿ ಕೂರುವ ರೋಡಿಯೋ ಪಂದ್ಯಗಳಲ್ಲಿ ಜಗಜಟ್ಟಿಯೆನಿಸಿ, ಮೂಕಿ ಚಿತ್ರಗಳಿಗೆ ಬಂದ. ಇನ್‌ಫ್ಲುಯೆಂಜಾ ಜ್ವರ ಅವನ ಕಂಠವನ್ನು ಕೆಡಿಸಿತ್ತು. ಚಿತ್ರಗಳು ಮಾತಾಡತೊಡಗಿದಾಗ ಅವನ ನಾಯಕ ಪಟ್ಟ ಹೋಯಿತು. ಮುಖ ಮತ್ತು ದನಿ ಬೇಡವಾದ ಚಿತ್ರರಂಗಕ್ಕೆ ಅವನ ಬೆನ್ನು, ಭುಜ, ಮೊಣಕಾಲು ಬೇಕಾಗಿದ್ದವು. ಅವನು ಪರರ ಪಾಲಿನ ಪೆಟ್ಟುಗಳನ್ನು ತಿನ್ನುವ ವೃತ್ತಿ ಹಿಡಿದ. ಜಾನ್ ವೇಯ್ನ್ ಜೊತೆ ಕೂಡಿ ಹೊಡೆದಾಟದ ಒಂದು ಕ್ರಮವನ್ನೇ ರೂಪಿಸಿದ. ಕ್ಯಾಮೆರಾ ಒಬ್ಬನ ಭುಜದ ಹಿಂದಿರಬೇಕು, ಮುಷ್ಟಿ ಎದುರಾಳಿಯ ಗಲ್ಲದ ಪಕ್ಕದಿಂದ ಹಾದುಹೋಗಬೇಕು, ಪೆಟ್ಟು ತಿಂದವನು ಸರಿಯಾದ ಗಳಿಗೆಯಲ್ಲಿ ತಲೆ ಹೊರಳಿಸಬೇಕು. ಇಂದು ಯಾವ ಭಾಷೆಯ ಚಿತ್ರದಲ್ಲಿ ಹೊಡೆದಾಟ ನೋಡಿದರೂ ಈ ಕ್ರಮದ ನೆರಳು ಅಲ್ಲಿದೆ.

1939ರಲ್ಲಿ ಜಾನ್ ಫೋರ್ಡ್ ‘ಸ್ಟೇಜ್‌ಕೋಚ್’ ತೆಗೆದ. ಆರು ಕುದುರೆಗಳು ಎಳೆಯುವ ಗಾಡಿ, ಒಣಗಿದ ಕೆರೆಯಂಗಳದಲ್ಲಿ ನಾಗಾಲೋಟ, ಹಿಂದೆ ಅಪಾಚೆ ಯೋಧರ ದಂಡು. ಒಬ್ಬ ಯೋಧ ತನ್ನ ಕುದುರೆಯಿಂದ ಗಾಡಿಯ ಮುಂದಿನ ಜೋಡಿ ಕುದುರೆಗಳ ಮೇಲೆ ನೆಗೆಯುತ್ತಾನೆ. ಗುಂಡು ತಗುಲುತ್ತದೆ. ಅವನು ಎರಡು ಕುದುರೆಗಳ ನಡುವೆ ಜಾರಿ, ಮೂಕಿಗೆ ಜೋತುಬಿದ್ದು, ನೆಲದಲ್ಲಿ ಎಳೆಸಿಕೊಂಡು, ಕೊನೆಗೆ ಕೈಬಿಡುತ್ತಾನೆ. ಗೊರಸುಗಳೂ ಚಕ್ರಗಳೂ ಅವನ ಎರಡು ಬದಿಯಲ್ಲಿ ಹಾದುಹೋಗುತ್ತವೆ. ಆ ಯೋಧ ಕೆನಟ್. ಸ್ವಲ್ಪ ಹೊತ್ತಿನಲ್ಲಿ ಲಗಾಮು ಕೈಜಾರಿದಾಗ, ಚಿತ್ರದ ನಾಯಕ ಕುದುರೆಯಿಂದ ಕುದುರೆಗೆ ಜಿಗಿಯುತ್ತ ಮುಂದಿನ ಜೋಡಿಯನ್ನು ತಲಪುತ್ತಾನೆ. ವೇಯ್ನ್‌ನ ಉಡುಪು ತೊಟ್ಟ ಆ ನಾಯಕನೂ ಕೆನಟ್. ಕೊಲ್ಲಬಂದವನೂ ಅವನೇ, ಕಾಯಬಂದವನೂ ಅವನೇ. ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಅದೇ ವರ್ಷದ ‘ಗಾನ್ ವಿತ್ ದ ವಿಂಡ್’ನಲ್ಲಿ ಹೊತ್ತಿ ಉರಿಯುವ ಅಟ್ಲಾಂಟಾದ ನಡುವೆ ಕ್ಲಾರ್ಕ್ ಗೇಬಲ್‌ನ ಪರವಾಗಿ ಗಾಡಿ ಹೊಡೆದವನೂ ಅವನು. 1981ರ ‘ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್’ನಲ್ಲಿ ಇಂಡಿಯಾನಾ ಜೋನ್ಸ್ ಲಾರಿಯ ಅಡಿಯಲ್ಲಿ ತೆವಳಿ ಹಿಂದಿನಿಂದ ಹತ್ತುವ ದೃಶ್ಯ ಕೆನಟ್‌ಗೆ ಸಲ್ಲಿಸಿದ ನಮಸ್ಕಾರ.

ಆ ಕಾಲವನ್ನು ಹೊಗಳುವವರು ಕುದುರೆಗಳನ್ನು ಮರೆಯಬಾರದು. ಓಡುವ ಕುದುರೆಯ ಮುಂಗಾಲಿಗೆ ತಂತಿ ಕಟ್ಟಿ ಮುಗ್ಗರಿಸಿ ಕೆಡವುವ ಪದ್ಧತಿ ಹಾಲಿವುಡ್‌ನಲ್ಲಿ ಎಗ್ಗಿಲ್ಲದೆ ನಡೆದಿತ್ತು. ಕೆನಟ್ ಕೂಡ ಅದನ್ನು ಬಳಸಿದವನೇ. 1936ರ ‘ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’ನಲ್ಲಿ ಹಲವು ಕುದುರೆಗಳು ಸತ್ತವು. 1939ರ ‘ಜೆಸ್ಸಿ ಜೇಮ್ಸ್’ಗಾಗಿ ಎತ್ತರದ ಬಂಡೆಯಿಂದ ನೀರಿಗೆ ಬೀಳಿಸಿದ ಕುದುರೆ ಸತ್ತಾಗ ಎದ್ದ ಕೂಗಿನಿಂದಾಗಿ, ಮರುವರ್ಷ ಪ್ರಾಣಿದಯಾ ಸಂಘದವರು ಚಿತ್ರೀಕರಣದ ಸ್ಥಳಗಳಿಗೆ ಬಂದು ನಿಲ್ಲತೊಡಗಿದರು. ಅಪಾಚೆ ಜನರೂ ಈ ಚಿತ್ರಗಳಲ್ಲಿ ಗುಂಡಿಗೆ ಬೀಳಲೆಂದೇ ಬಂದವರಂತೆ ಇದ್ದಾರೆ. ಅವರ ನೆಲದ ಮೇಲೆ ಓಡಿದ ಗಾಡಿಯ ಕಥೆಯಲ್ಲಿ ಅವರಿಗೆ ಒಂದು ಮಾತೂ ಇಲ್ಲ.

ಸಾಹಸ ಚಿತ್ರಕ್ಕೆ ಧರ್ಮವನ್ನೂ ಬುದ್ಧಿಯನ್ನೂ ಕೊಟ್ಟ ಕೃತಿ ಪೂರ್ವದಿಂದ ಬಂತು. ಅಕಿರಾ ಕುರೊಸಾವಾನ ‘ಸೆವೆನ್ ಸಮುರಾಯ್’ ಜಪಾನಿನಲ್ಲಿ ತೆರೆಕಂಡದ್ದು 1954ರ ಏಪ್ರಿಲ್ 26ರಂದು. ಅವಧಿ 207 ನಿಮಿಷ. ಹದಿನಾರನೆಯ ಶತಮಾನದ ಕೊನೆ, ದೇಶವೆಲ್ಲ ಅರಾಜಕ. ಸುಗ್ಗಿಯ ಹೊತ್ತಿಗೆ ದರೋಡೆಕೋರರು ಬರುತ್ತಾರೆಂದು ತಿಳಿದ ಒಂದು ಬಡ ಹಳ್ಳಿ, ಹೊಟ್ಟೆ ತುಂಬ ಅನ್ನ ಕೊಡುತ್ತೇವೆಂಬ ಒಂದೇ ಮಾತಿನ ಮೇಲೆ ಏಳು ಸಮುರಾಯ್‌ಗಳನ್ನು ಕರೆತರುತ್ತದೆ. ಅನ್ನ ಅವರಿಗೆ, ರೈತರು ತಿನ್ನುವುದು ಸಾವೆ ನವಣೆಯಂಥ ಕಾಳು. ಈ ಒಂದು ಸಂಗತಿ ತಿಳಿದ ಮೇಲೆ ಮುಂದಿನ ಪ್ರತಿ ಕತ್ತಿಯೇಟಿಗೂ ತೂಕ ಬರುತ್ತದೆ.

ಕಾಳಗ ಶುರುವಾಗುವ ಮೊದಲು ಕುರೊಸಾವಾ ನಮಗೆ ನೆಲವನ್ನು ಕಲಿಸುತ್ತಾನೆ. ಹಿರಿಯ ಸಮುರಾಯ್ ಕಾಂಬೇಯಿ ನಕ್ಷೆ ಹಿಡಿದು ಹಳ್ಳಿಯ ಸುತ್ತ ನಡೆಯುತ್ತಾನೆ. ಒಂದು ದಿಕ್ಕಿಗೆ ಬೇಲಿ, ಇನ್ನೊಂದಕ್ಕೆ ನೀರು ತುಂಬಿಸಿದ ಗದ್ದೆ, ಮತ್ತೊಂದು ಕಡೆ ಸೇತುವೆ ಕೀಳಬೇಕು. ಒಂದು ಕಡೆ ಮಾತ್ರ ಬೇಕೆಂದೇ ದಾರಿ ಬಿಡಬೇಕು, ಶತ್ರು ಒಳಗೆ ಬರಲೇಬೇಕಲ್ಲ. ಕಾಗದದ ಮೇಲೆ ದರೋಡೆಕೋರರಿಗೆ ಒಂದೊಂದು ಸೊನ್ನೆ ಬರೆದಿದ್ದಾನೆ. ಒಬ್ಬ ಸತ್ತರೆ ಒಂದು ಸೊನ್ನೆಗೆ ಗೀಟು. ನಾವೂ ಎಣಿಸುತ್ತೇವೆ. ಯಾರು ಎಲ್ಲಿದ್ದಾರೆ, ಇನ್ನು ಎಷ್ಟು ಮಂದಿ ಉಳಿದಿದ್ದಾರೆ, ಯಾವ ಬೇಲಿ ಮುರಿದರೆ ಯಾರ ಮನೆ ಹೋಗುತ್ತದೆ ಎಂಬುದೆಲ್ಲ ನೋಡುಗನಿಗೆ ಗೊತ್ತು. ಒಂದು ಸಾಹಸ ಚಿತ್ರ ಒಳ್ಳೆಯದೋ ಅಲ್ಲವೋ ಎಂದು ತೂಗಲು ನಾನು ಇದೇ ಅಳತೆಗೋಲು ಹಿಡಿಯುತ್ತೇನೆ: ಹೊಡೆದಾಟ ನಡೆಯುವಾಗ ನೆಲ ನಮಗೆ ಗೊತ್ತಿರಬೇಕು. ಗೊತ್ತಿಲ್ಲದ ಕಡೆ ಎಷ್ಟೇ ಸದ್ದು ಮಾಡಿದರೂ ಭಯ ಹುಟ್ಟುವುದಿಲ್ಲ.

ಕೊನೆಯ ಕಾಳಗ ಸುರಿಯುವ ಮಳೆಯಲ್ಲಿ. ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳನ್ನು ಏಕಕಾಲಕ್ಕೆ ಓಡಿಸಿ, ದೂರದಿಂದ ಹಿಡಿಯುವ ಲೆನ್ಸುಗಳನ್ನು ಬಳಸಿ ಅದನ್ನು ಸೆರೆಹಿಡಿದರು. ಒಮ್ಮೆ ಕೆಸರಾದ ನೆಲವನ್ನು ಮತ್ತೆ ಮತ್ತೆ ಮೊದಲಿನಂತೆ ಮಾಡಲಾಗದು. ಕೊರೆಯುವ ಚಳಿಗಾಲದಲ್ಲಿ ನಟರು ತೊಯ್ದು ತೊಪ್ಪೆಯಾಗಿ ಕೆಸರಲ್ಲಿ ನಿಂತರು. ತೋಶಿರೊ ಮಿಫುನೆ ಅರೆಬತ್ತಲೆಯಾಗಿ, ಬರಿಗಾಲಲ್ಲಿ ಆ ಕೆಸರಿನಲ್ಲಿ ಓಡುವುದನ್ನು ನೋಡಿದರೆ ಇಂದಿಗೂ ನಮ್ಮ ಮೈ ನಡುಗುತ್ತದೆ. ಖರ್ಚು ಮಿತಿಮೀರಿತೆಂದು ತೋಹೊ ಸ್ಟುಡಿಯೋ ನಡುವೆ ಚಿತ್ರೀಕರಣ ನಿಲ್ಲಿಸಿತ್ತು. ಹಾಕಿದ ಹಣವನ್ನು ಬಿಟ್ಟುಬಿಡಲಾರರೆಂದು ತಿಳಿದಿದ್ದ ಕುರೊಸಾವಾ ಮೀನು ಹಿಡಿಯಲು ಹೋಗಿ ಕುಳಿತ. ಏಳು ಜನರಲ್ಲಿ ನಾಲ್ವರು ಸಾಯುತ್ತಾರೆ, ನಾಲ್ವರೂ ಬಂದೂಕಿಗೆ ಬಲಿ. ಕತ್ತಿಯ ಏಟಿಗೆ ಒಬ್ಬನೂ ಸಾಯುವುದಿಲ್ಲ. ಕತ್ತಿವರಸೆಯಲ್ಲಿ ಸರಿಸಾಟಿಯಿಲ್ಲದ ಕ್ಯೂಜೋ ಕೂಡ, ಅವಿತು ಕುಳಿತವನೊಬ್ಬ ಹಾರಿಸಿದ ಗುಂಡಿಗೆ ಬೀಳುತ್ತಾನೆ. ಒಂದು ವೀರಯುಗ ಹೇಗೆ ಮುಗಿಯಿತೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಚಿತ್ರ ನನಗೆ ಗೊತ್ತಿಲ್ಲ. 1960ರಲ್ಲಿ ಹಾಲಿವುಡ್ ಇದನ್ನೇ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಎಂದು ತೆಗೆಯಿತು. ಅದೂ ಚೆನ್ನಾಗಿಯೇ ಇದೆ, ಆದರೆ ಆ ಮಳೆ ಅಲ್ಲಿಲ್ಲ.

ಕೆನಟ್‌ನ ಅತಿದೊಡ್ಡ ಕೆಲಸ ಇನ್ನೂ ಬಾಕಿಯಿತ್ತು. ವಿಲಿಯಂ ವೈಲರ್ ನಿರ್ದೇಶನದ ‘ಬೆನ್‌ಹರ್’ (1959) ಚಿತ್ರದ ರಥಸ್ಪರ್ಧೆಯನ್ನು ಆಂಡ್ರ್ಯೂ ಮಾರ್ಟನ್ ಜೊತೆ ಅವನಿಗೆ ಒಪ್ಪಿಸಿದರು. ರೋಮಿನ ಚಿನೆಚಿತ್ತಾ ಸ್ಟುಡಿಯೋದಲ್ಲಿ 18 ಎಕರೆಯ ರಂಗಸ್ಥಳ ಎದ್ದಿತು. ಯುಗೊಸ್ಲಾವಿಯ ಮತ್ತು ಸಿಸಿಲಿಯಿಂದ 78 ಕುದುರೆಗಳು ಬಂದವು. ಒಂಬತ್ತು ರಥ, ರಥಕ್ಕೆ ನಾಲ್ಕು ಕುದುರೆ. ಕೆನಟ್ ಸಾರಥಿಗಳನ್ನೂ ಕುದುರೆಗಳನ್ನೂ ತಿಂಗಳುಗಟ್ಟಲೆ ಪಳಗಿಸಿದ. ಚಾರ್ಲ್‌ಟನ್ ಹೆಸ್ಟನ್ ಮತ್ತು ಸ್ಟೀಫನ್ ಬಾಯ್ಡ್ ಇಬ್ಬರೂ ರಥ ಹೊಡೆಯಲು ಕಲಿತರು. ಪರದೆಯ ಮೇಲೆ ಸುಮಾರು ಒಂಬತ್ತು ನಿಮಿಷ ಬರುವ ಆ ಓಟಕ್ಕೆ, ಮೂರು ತಿಂಗಳಲ್ಲಿ ಬಿಡಿಬಿಡಿಯಾಗಿ ಐದು ವಾರಗಳ ಚಿತ್ರೀಕರಣ ಹಿಡಿಯಿತು. ಮುರಿದು ಬಿದ್ದ ರಥದ ಮೇಲೆ ಬೆನ್‌ಹರ್‌ನ ರಥ ಹಾರಿದಾಗ ಸಾರಥಿ ಎಗರಿ, ತಲೆಕೆಳಗಾಗಿ ಮುಂದಕ್ಕೆ ಬಿದ್ದು, ಹೇಗೋ ಹಿಡಿದುಕೊಳ್ಳುತ್ತಾನೆ. ಹಾಗೆ ಎಗರಿದವನು ಹೆಸ್ಟನ್‌ನ ಡ್ಯೂಪ್ ಆಗಿದ್ದ ಜೋ ಕೆನಟ್, ಯಾಕಿಮಾನ ಮಗ. ಬರೆದ ಯೋಜನೆಯಲ್ಲಿ ಆ ಎಗರುವಿಕೆ ಇರಲಿಲ್ಲ. ಗಲ್ಲದಲ್ಲಿ ಗಾಯವಾಯಿತು, ಪ್ರಾಣ ಉಳಿಯಿತು. ಮಗ ಗಾಳಿಯಲ್ಲಿ ತೂರಿದಾಗ ತಂದೆ ಅಲ್ಲೇ ನಿಂತಿದ್ದ. ಈ ಸ್ಪರ್ಧೆಯಲ್ಲಿ ಒಬ್ಬ ಸತ್ತನೆಂಬ ವದಂತಿ ಇಂದಿಗೂ ಓಡಾಡುತ್ತಿದೆ, ಅದು ಸುಳ್ಳು. ಯಾರೂ ಸಾಯದಂತೆ ನೋಡಿಕೊಂಡದ್ದೇ ಕೆನಟ್‌ನ ಹಿರಿಮೆ.

1960ರ ಏಪ್ರಿಲ್ 4ರ ಆಸ್ಕರ್ ಸಮಾರಂಭದಲ್ಲಿ ‘ಬೆನ್‌ಹರ್’ ಹನ್ನೊಂದು ಪ್ರಶಸ್ತಿಗಳನ್ನು ಗೆದ್ದಿತು. ಆ ವರ್ಷ ಬಸ್ಟರ್ ಕೀಟನ್‌ಗೆ ಗೌರವ ಆಸ್ಕರ್ ಸಂದಿತು. ಕೆನಟ್ ಕಾಯಬೇಕಾಯಿತು. 1967ರ ಏಪ್ರಿಲ್ 10ರಂದು, ಸಾಹಸ ಕಲಾವಿದನಾಗಿ ಮಾಡಿದ ಸಾಧನೆಗಾಗಿ ಮತ್ತು ಸಾಹಸ ಕಲಾವಿದರ ಪ್ರಾಣ ಕಾಯುವ ಸಾಧನಗಳನ್ನು ರೂಪಿಸಿದ್ದಕ್ಕಾಗಿ, ಅವನಿಗೂ ಗೌರವ ಆಸ್ಕರ್ ಕೊಟ್ಟರು. ಆಗ ಅವನಿಗೆ 71 ವರ್ಷ.

ಈ ಪರಂಪರೆ ಕರ್ನಾಟಕದ ನೆಲವನ್ನೂ ಮುಟ್ಟಿತು. 1973ರಲ್ಲಿ ರಮೇಶ್ ಸಿಪ್ಪಿ ‘ಶೋಲೆ’ಯ ರಾಮಗಢವನ್ನು ಕಟ್ಟಲು ಆರಿಸಿಕೊಂಡದ್ದು, ಬೆಂಗಳೂರಿನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ರಾಮನಗರದ ಬಂಡೆಬೆಟ್ಟಗಳನ್ನು. ಕೂಲಿಗೆ ಬಂದ ಇಬ್ಬರು ಒಂದು ಹಳ್ಳಿಯನ್ನು ಕಾಯುವ ಕಥೆಯಲ್ಲಿ ಕುರೊಸಾವಾನ ಬೀಜ ಯಾರಿಗಾದರೂ ಕಾಣುತ್ತದೆ. ಬಸಂತಿ ಟಾಂಗಾ ಓಡಿಸುವ ಬೆನ್ನಟ್ಟುವಿಕೆಯಲ್ಲಿ ಹೇಮಾಮಾಲಿನಿಯವರ ಡ್ಯೂಪ್ ಆಗಿದ್ದವರು ರೇಷ್ಮಾ ಪಠಾಣ್. ಆ ಕೆಲಸದಲ್ಲಿ ಅವರು ಗಾಯಗೊಂಡರು. ಚಿತ್ರ 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು, ಬಸಂತಿ ಮನೆಮಾತಾದಳು. ರೇಷ್ಮಾ ಅವರ ಬದುಕಿನ ಮೇಲೆ ಚಿತ್ರ ಬಂದದ್ದು 2019ರಲ್ಲಿ. ಶೋಲೆಯ ಬಂಡೆಗಳನ್ನು ನೋಡಲು ಇಂದಿಗೂ ರಾಮದೇವರಬೆಟ್ಟಕ್ಕೆ ಹೋಗುವ ನಮ್ಮವರು ಗಬ್ಬರ್ ಎಲ್ಲಿ ನಿಂತಿದ್ದ ಎಂದು ಕೇಳುತ್ತಾರೆ. ಟಾಂಗಾ ಎಲ್ಲಿ ಓಡಿತು, ಅದನ್ನು ಓಡಿಸಿದವರು ಯಾರು ಎಂದೂ ಕೇಳಬೇಕು.

ದೇಹವನ್ನೇ ಪಣವಾಗಿಡುವ ಆ ಕಾಲಕ್ಕೆ ಒಳ್ಳೆಯ ಕಡೆ ಇದ್ದಂತೆ ಘೋರವಾದ ಕಡೆಯೂ ಇತ್ತು, ಮತ್ತು ಆ ಘೋರ ಇನ್ನೂ ಕಳೆದಿಲ್ಲ. 2016ರ ನವೆಂಬರ್ 7ರಂದು, ರಾಮನಗರದಿಂದ ಬಹಳ ದೂರವಲ್ಲದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಕನ್ನಡ ಚಿತ್ರವೊಂದರ ಸಾಹಸ ದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ಕಲಾವಿದರು ಮುಳುಗಿ ಸತ್ತರು. ಕೆನಟ್ ತನ್ನ ಆಯುಷ್ಯವನ್ನೇ ಸವೆಸಿ ಕಲಿಸಿದ ಪಾಠ ಅಲ್ಲಿಗೆ ತಲಪಿರಲಿಲ್ಲ. ಯಾವ ದೃಶ್ಯವೂ ಒಂದು ಪ್ರಾಣಕ್ಕೆ ಸಮವಲ್ಲ, ಶತಮಾನದ ಶ್ರೇಷ್ಠ ಚಿತ್ರದ ದೃಶ್ಯವೂ ಅಲ್ಲ.

ಹೆಸರಿಲ್ಲದವರಿಗೆ ಹೆಸರು ಸಲ್ಲುವುದು ತಡವಾಗಿಯಾದರೂ ಶುರುವಾಗಿದೆ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಹಸ ನಿರ್ದೇಶನಕ್ಕೊಂದು ಸ್ಥಾನ ಸಿಕ್ಕಿದೆ. 2018ರ ಚಿತ್ರಗಳಿಗೆ ಕೊಟ್ಟ ಆ ಪ್ರಶಸ್ತಿ ಕನ್ನಡದ ‘ಕೆಜಿಎಫ್’ ಮೊದಲ ಭಾಗಕ್ಕೆ ಬಂತು. ಆಸ್ಕರ್ ಅಕಾಡೆಮಿ 2025ರ ಏಪ್ರಿಲ್ 10ರಂದು, ಕೆನಟ್ ಗೌರವ ಪಡೆದ ದಿನಕ್ಕೆ ಸರಿಯಾಗಿ 58 ವರ್ಷಗಳ ನಂತರ, ಸಾಹಸ ವಿನ್ಯಾಸಕ್ಕೆ ಪ್ರತ್ಯೇಕ ಪ್ರಶಸ್ತಿಯನ್ನು ಪ್ರಕಟಿಸಿತು. 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಗೆ 2028ರ ನೂರನೆಯ ಸಮಾರಂಭದಲ್ಲಿ ಅದು ಮೊದಲ ಬಾರಿಗೆ ಸಲ್ಲಲಿದೆ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಬೇಡಿಕೆ. ಈ ಚಿತ್ರಗಳಲ್ಲಿ ಒಂದನ್ನೇ ನೋಡಲು ಬಿಡುವಿದ್ದರೆ ‘ದ ಜನರಲ್’ ನೋಡಿ. ಮೂಕಿ ಚಿತ್ರವಾದ್ದರಿಂದ ಭಾಷೆಯ ತೊಡಕಿಲ್ಲ, ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎರಡಕ್ಕೆ ಬಿಡುವಿದ್ದರೆ ‘ಸೆವೆನ್ ಸಮುರಾಯ್’ ನೋಡಿ, ಕತ್ತರಿಸದ 207 ನಿಮಿಷದ ಪ್ರತಿಯನ್ನೇ ಹುಡುಕಿ. ಇನ್ನು ಮುಂದೆ ಯಾವ ಟಾಕೀಸಿನಲ್ಲಿ ಯಾವ ಸಾಹಸ ಚಿತ್ರ ನೋಡಿದರೂ, ಕೊನೆಯಲ್ಲಿ ಹೆಸರುಗಳು ಬರುವಾಗ ಎದ್ದು ಹೋಗಬೇಡಿ. ಫೈಟರುಗಳ ಮತ್ತು ಡ್ಯೂಪ್‌ಗಳ ಹೆಸರು ಆ ಪಟ್ಟಿಯಲ್ಲಿ ಬರುತ್ತದೆ.